ಹದಿಮೂರರ ಹುಡುಗಿಗೆ ಅರವತ್ತರ ದನಿ

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಾನು ಆಗ ಸುಲ್ತಾನ್‌ಪೇಟೆಯ ಒಂದು ಮದುವೆ ಕಾರ್ಡಿನ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮುಂದೆ ಕಾರ್ಡುಗಳ ಮಾದರಿ ತೋರಿಸುವ ಕೌಂಟರು, ಅದರ ಹಿಂದೆ ಹಲಗೆ ಅಡ್ಡ ಹಾಕಿ ಮಾಡಿದ ಒಂದು ಗೂಡು, ಗೂಡಿನಲ್ಲಿ ಒಂದು ಕಂಪ್ಯೂಟರು ಮತ್ತು ನಾನು. ಜನ ಚೀಟಿಯಲ್ಲಿ ಬರೆದು ತರುತ್ತಿದ್ದ ಹುಡುಗ ಹುಡುಗಿಯರ ಹೆಸರು, ಮುಹೂರ್ತ, ಛತ್ರದ ವಿಳಾಸಗಳನ್ನು ಕನ್ನಡದಲ್ಲಿ ಟೈಪ್ ಮಾಡಿ, ಕಾರ್ಡಿನ ಅಳತೆಗೆ ಕೂರಿಸಿ, ತಪ್ಪು ತಿದ್ದಿ ಕೊಡುವುದು ನನ್ನ ಕೆಲಸ. ಹೆಸರುಗಳು ಬದಲಾಗುತ್ತಿದ್ದವು, ಮಾತು ಬದಲಾಗುತ್ತಿರಲಿಲ್ಲ. ದಿನವೂ ಗುರುಹಿರಿಯರು ನಿಶ್ಚಯಿಸುತ್ತಿದ್ದರು, ದಿನವೂ ಯಾರೋ ಸಕುಟುಂಬ ಸಮೇತರಾಗಿ ಆಗಮಿಸಬೇಕಿತ್ತು. ಲಗ್ನದ ತಿಂಗಳುಗಳಲ್ಲಿ ಸಂಜೆ ಚಾಮರಾಜಪೇಟೆಯ ಮನೆಗೆ ನಡೆದು ಹೋಗುವಾಗ ದಾರಿಯ ಅಂಗಡಿ ಬೋರ್ಡುಗಳ ಕಾಗುಣಿತವನ್ನೂ ಮನಸ್ಸು ತಾನಾಗಿ ತಿದ್ದುತ್ತಿತ್ತು. ನಿಲ್ಲಿಸೋಣವೆಂದರೂ ನಿಲ್ಲುತ್ತಿರಲಿಲ್ಲ. ಗಂಡನಿಗೆ ತುಮಕೂರಿಗೆ ವರ್ಗವಾಗಿತ್ತು, ವಾರಕ್ಕೊಮ್ಮೆ ಬರುತ್ತಿದ್ದರು. ಮಗಳು ಪಿಯುಸಿಗೆ ಸೇರಿದ್ದಳು. ಮನೆಗೆ ಹೋದ ಮೇಲೆ ಅಡುಗೆ, ಪಾತ್ರೆ, ಮರುದಿನಕ್ಕೆ ಹಿಟ್ಟು.

ಚಾಮರಾಜಪೇಟೆಯಲ್ಲೇ ಒಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ ನಡೆಸುತ್ತಿದ್ದವರೊಬ್ಬರು ತಂಗಿಯ ಮದುವೆ ಕಾರ್ಡು ಮಾಡಿಸಲು ಬಂದರು. ಬೀಗರಾಗುವವರ ಹೆಸರಿಗೆ ಎಷ್ಟು ಬಿರುದು, ಹುದ್ದೆ, ಊರು ಅಂಟಿಕೊಂಡಿತ್ತೆಂದರೆ ಕಾರ್ಡಿನ ಅರ್ಧ ಅದಕ್ಕೇ ಬೇಕಿತ್ತು. ಯಾರಿಗೂ ಬೇಸರವಾಗದ ಹಾಗೆ ಅದನ್ನು ಒಂದು ಸಾಲಿಗೆ ಇಳಿಸಿಕೊಟ್ಟೆ. ಅವರು ಪ್ರೂಫ್ ಹಿಡಿದು ಎರಡು ಸಲ ಓದಿದರು.

“ಮೇಡಂ, ಜಾಗಕ್ಕೆ ಮಾತು ಕೂರಿಸ್ತೀರ. ಬಾಯಿಗೆ ಕೂರಿಸೋಕೆ ಆಗುತ್ತಾ?” ಎಂದು ಕೇಳಿದರು.

ಅರ್ಥವಾಗಲಿಲ್ಲ ಎಂದೆ. ಮಕ್ಕಳ ಚಾನೆಲ್ ಒಂದು ಕನ್ನಡದಲ್ಲಿ ಕಾರ್ಟೂನ್ ತೋರಿಸಲು ಹೊರಟಿದೆ, ಮಾತು ಇಂಗ್ಲಿಷಿನಲ್ಲಿ ಬರುತ್ತದೆ, ಅದನ್ನು ಕನ್ನಡ ಮಾಡಬೇಕು, ಆದರೆ ತೆರೆಯ ಮೇಲಿನ ಬಾಯಿ ತೆರೆದಾಗ ಕನ್ನಡವೂ ತೆರೆದಿರಬೇಕು, ಮುಚ್ಚಿದಾಗ ಮುಚ್ಚಿರಬೇಕು ಎಂದು ವಿವರಿಸಿದರು. ಕನ್ನಡಕ್ಕೆ ಡಬ್ಬಿಂಗ್ ಬೇಡವೆಂಬ ಮಾತು ಜೋರಾಗಿದ್ದ ಕಾಲ ಅದು. ಮಕ್ಕಳ ಕಾರ್ಟೂನಿಗೆ ಮಾತ್ರ ಯಾರೂ ಅಷ್ಟಾಗಿ ತಕರಾರು ಎತ್ತಿರಲಿಲ್ಲ. ಹಾಗಾಗಿ ಆ ಕೆಲಸ ಗೊತ್ತಿದ್ದವರೇ ನಮ್ಮಲ್ಲಿ ಕಡಿಮೆ. ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಬಂದರೆ ಸಾಕು ಎಂದರು. ನನಗಿದ್ದ ವಿರಾಮವೆಲ್ಲ ಅದೇ. ಆದರೂ ಒಪ್ಪಿಕೊಂಡೆ. ಗುರುಹಿರಿಯರು ನಿಶ್ಚಯಿಸದ ಒಂದು ವಾಕ್ಯವನ್ನಾದರೂ ಬರೆಯೋಣ ಅನ್ನಿಸಿರಬೇಕು.

ಕೊಟ್ಟ ಕಾರ್ಟೂನಿಗೆ ದೊಡ್ಡ ವಂಶಾವಳಿಯಿತ್ತು. ಮೊದಲು ಅದನ್ನು ಅಮೆರಿಕದವರು ಮಾಡಿದ್ದರು. ಅದನ್ನೇ ಜಪಾನಿನವರು ತಮ್ಮ ರೀತಿಯಲ್ಲಿ ಹೊಸದಾಗಿ ಮಾಡಿದರು. ಆ ಜಪಾನಿನದನ್ನು ಯಾರೋ ಮತ್ತೆ ಇಂಗ್ಲಿಷಿಗೆ ತಂದಿದ್ದರು. ಈಗ ಅದು ಮೂರು ಊರಿನ ನೀರು ಕುಡಿದು ನಮ್ಮ ಚಾಮರಾಜಪೇಟೆಯ ಸ್ಟುಡಿಯೋದ ಮಹಡಿಗೆ ಬಂದಿತ್ತು. ಅಮೆರಿಕದ್ದು ನನಗೆ ಗೊತ್ತಿತ್ತು. ಕೇಬಲ್ ಬಂದ ಹೊಸತರಲ್ಲಿ, ಮಗಳು ಇನ್ನೂ ಚಿಕ್ಕವಳಿದ್ದಾಗ, ಅದರ ಮುಂದೆ ಕೂರಿಸಿಯೇ ಮೊಸರನ್ನ ತಿನ್ನಿಸುತ್ತಿದ್ದೆ. ಬಟ್ಟೆ ಒಗೆಯುವ ಯಂತ್ರಕ್ಕೆ ಸಿಡಿಲು ಬಡಿದು ಶಕ್ತಿ ಪಡೆದ ಮೂರು ಪುಟಾಣಿ ಹುಡುಗಿಯರು ಅದರಲ್ಲಿದ್ದರು. ಬರುತ್ತಿದ್ದರು, ಗುದ್ದುತ್ತಿದ್ದರು, ಕತೆ ಮುಗಿಯುತ್ತಿತ್ತು. ಯಾಕೆ ಗುದ್ದಿದರೆಂದು ಯಾರೂ ಕೇಳುತ್ತಿರಲಿಲ್ಲ.

ಜಪಾನಿನದು ಹಾಗಿರಲಿಲ್ಲ. ಮೊದಲ ಕಂತಿನ ಟೇಪು ಮನೆಗೆ ತಂದಾಗ ಮಗಳು ಪಕ್ಕದಲ್ಲಿ ಕೂತು ನೋಡಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಇಂಥ ಕಾರ್ಟೂನ್‌ಗಳನ್ನು ಅವಳು ಬೇಕಾದಷ್ಟು ನೋಡಿದ್ದಳು. ಇಲ್ಲಿ ಹುಡುಗಿಯರು ಹದಿಮೂರರವರು. ಒಬ್ಬೊಬ್ಬಳಿಗೂ ಒಂದು ಮನೆ, ಒಂದು ಬಣ್ಣ, ಒಂದು ಗುಣ. ಕೆಂಪಿನವಳು ನಾಯಕಿ, ಓದಿನಲ್ಲಿ ದಡ್ಡಿ, ದಿನವೂ ಬ್ರೆಡ್ ಕಚ್ಚಿಕೊಂಡು ಸ್ಕೂಲಿಗೆ ಓಡುತ್ತಾಳೆ. ನೀಲಿಯವಳು ಬುದ್ಧಿವಂತೆ. ಹಸಿರಿನವಳು ಮಾತು ಕಡಿಮೆ, ಕೈ ಜಾಸ್ತಿ. ಮಾತಾಡುವ ಒಂದು ಅಳಿಲು ಬಂದು ಮೂವರಿಗೂ ಒಂದೊಂದು ಪುಟ್ಟ ಗಂಟೆ ಕೊಡುತ್ತದೆ. ಗಂಟೆ ಆಡಿಸಿ ಮಂತ್ರ ಹೇಳಿದರೆ ಗಿರಗಿರ ತಿರುಗಿ ಬಟ್ಟೆ, ಕೂದಲು, ಚಪ್ಪಲಿ ಎಲ್ಲ ಬದಲಾಗುತ್ತವೆ. ಬಟ್ಟೆ ಬದಲಾದದ್ದಷ್ಟೇ, ಮುಖ ಅದೇ. ಆದರೂ ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ. ಆ ಒಗೆಯುವ ಯಂತ್ರವನ್ನು ಜಪಾನಿನವರು ಬಿಟ್ಟಿರಲಿಲ್ಲ, ಒಬ್ಬಳ ಮನೆಯ ಹಿತ್ತಲಿನಲ್ಲಿ ಸುಮ್ಮನೆ ಇಟ್ಟಿದ್ದರು. ಮಗಳಿಗೆ ಅದನ್ನು ಕಂಡು ನಗು.

ಪ್ರತಿ ಕಂತಿನಲ್ಲೂ ಊರಿನ ಒಬ್ಬ ಸಾಮಾನ್ಯ ಮನುಷ್ಯನಿಗೆ ಯಾವುದೋ ಸಣ್ಣ ಬೇಸರವಾಗುತ್ತಿತ್ತು. ಅಂಗಡಿ ಮುಚ್ಚಿರುತ್ತದೆ, ಇಲ್ಲವೇ ಸ್ನೇಹಿತ ಮಾತು ಬಿಟ್ಟಿರುತ್ತಾನೆ. ಆಗ ಒಂದು ಕಪ್ಪು ಮಂಜು ಬಂದು ಅವನೊಳಗೆ ಹೊಕ್ಕು ರಾಕ್ಷಸನನ್ನಾಗಿ ಮಾಡುತ್ತಿತ್ತು. ಹುಡುಗಿಯರು ಮೊದಲು ಸೋಲುತ್ತಿದ್ದರು, ಆಮೇಲೆ ನಾಯಕಿ ‘ನಿನ್ನ ನೋವು ನನಗೆ ಅರ್ಥವಾಗುತ್ತೆ’ ಎನ್ನುತ್ತಿದ್ದಳು, ಮಂಜು ಕರಗುತ್ತಿತ್ತು, ರಾಕ್ಷಸನಾಗಿದ್ದವನಿಗೆ ಏನೂ ನೆನಪಿರುತ್ತಿರಲಿಲ್ಲ. ಕೆಲವು ವಾರಗಳಲ್ಲೇ ನನಗೆ ಇದು ಕಾರ್ಡಿನ ಅಂಗಡಿಯ ಇನ್ನೊಂದು ಗೂಡು ಅನ್ನಿಸಿತು. ಹೆಸರು ಬದಲಾಗುತ್ತದೆ, ಮಾತು ಬದಲಾಗುವುದಿಲ್ಲ.

“ಅಮ್ಮ, ಗಮನಿಸಿದ್ಯಾ? ಚೇಂಜ್ ಆಗೋದನ್ನ ಪ್ರತಿ ಸಲ ತೋರಿಸ್ತಾರೆ. ವಾಪಸ್ ಮೊದಲಿನ ಥರ ಆಗೋದನ್ನ ಮಾತ್ರ ಯಾವತ್ತೂ ತೋರಿಸಲ್ಲ,” ಎಂದಳು ಮಗಳು ಒಂದು ಭಾನುವಾರ.

ನಿಜವಿತ್ತು. ಜಗಳ ಮುಗಿಯುತ್ತಿತ್ತು, ಮುಂದಿನ ಚಿತ್ರದಲ್ಲಿ ಹುಡುಗಿ ಯೂನಿಫಾರ್ಮ್ ಹಾಕಿಕೊಂಡು ಊಟಕ್ಕೆ ಕೂತಿರುತ್ತಿದ್ದಳು. ನಡುವೆ ಅವಳು ಹೇಗೆ ಮನೆಗೆ ಬಂದಳು, ಕಾಲು ನೋಯುತ್ತಿತ್ತೇ ಎಂಬುದೆಲ್ಲ ಯಾರಿಗೂ ಬೇಕಿರಲಿಲ್ಲ. ನಾಯಕಿಯ ತಾಯಿಯೋ, ಯಾವಾಗಲೂ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತಿರುತ್ತಿದ್ದಳು. ಅವಳ ಮಾತು ಬರೆಯುವುದು ನನಗೆ ಎಲ್ಲಕ್ಕಿಂತ ಸುಲಭ. ಬಾಯಿಯೇ ಕಾಣದಿದ್ದ ಮೇಲೆ ತುಟಿಗೆ ಕೂರಿಸುವ ಕಷ್ಟವಿಲ್ಲ. ಒಂದು ದಿನ ಆ ಪಾತ್ರಕ್ಕೆ ಬರಬೇಕಿದ್ದವರು ಬರದೆ, ಸ್ಟುಡಿಯೋದವರು ನನ್ನನ್ನೇ ಮೈಕಿನ ಮುಂದೆ ನಿಲ್ಲಿಸಿದರು. ಅಂದಿನಿಂದ ‘ಹೋಮ್‌ವರ್ಕ್ ಆಯ್ತಾ?’ ಎಂದು ಕೇಳುವವಳು ನಾನೇ ಆದೆ, ಸ್ಟುಡಿಯೋದಲ್ಲೂ ಮನೆಯಲ್ಲೂ.

ನಾಯಕಿಗೆ ದನಿ ಕೊಡುತ್ತಿದ್ದವರಿಗೆ ಅರವತ್ತು ದಾಟಿತ್ತು. ಮಲ್ಲೇಶ್ವರದಲ್ಲಿ, ಸಂಪಿಗೆ ರಸ್ತೆಯ ಹಿಂದಿನ ಅಡ್ಡರಸ್ತೆಯೊಂದರಲ್ಲಿ ತಂಗಿಯ ಜೊತೆ ಇದ್ದರು. ಹತ್ತಿಯ ಸೀರೆ, ಬಗಲಲ್ಲಿ ಒಂದು ಚೀಲ, ಅದರಲ್ಲಿ ಬಿಸಿನೀರಿನ ಫ್ಲಾಸ್ಕು ಮತ್ತು ಕಲ್ಲುಸಕ್ಕರೆ. ಅವರು ಮೈಕಿನ ಮುಂದೆ ನಿಂತಾಗ ನಾವು ಕಣ್ಣು ಮುಚ್ಚಿಕೊಂಡರೆ ಹದಿಮೂರರ ಹುಡುಗಿ ಕಿಲಕಿಲ ನಗುತ್ತಿದ್ದಳು. ನಾನು ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆ. ಸೀರಿಯಲ್ ಕಲಾವಿದರು ಡಬ್ಬಿಂಗ್ ಎಂದರೆ ಹಿಂದೇಟು ಹಾಕುತ್ತಿದ್ದರಿಂದ ಸ್ಟುಡಿಯೋದವರು ಹಳೆಯ ರೇಡಿಯೊ ನಾಟಕದವರನ್ನು ಹುಡುಕಿಕೊಂಡು ಹೋಗಿದ್ದರು. ಅಮ್ಮ ಹಾಗೆ ಬಂದವರು.

ಹುಡುಗಿಯರು ಬದಲಾಗುವಾಗ ಹೇಳುವ ಮಂತ್ರವನ್ನು ಬರೆಯಲು ನನಗೆ ಒಂದು ಇಡೀ ವಾರ ಹಿಡಿಯಿತು. ಸಂಸ್ಕೃತದ ಪದ ಹಾಕಿದರೆ ಪೂಜೆಯ ಹಾಗೆ ಕೇಳುತ್ತಿತ್ತು. ಕೊನೆಯಲ್ಲಿ ಹುಡುಗಿಯ ಬಾಯಿ ಪೂರ್ತಿ ತೆರೆದು ನಿಲ್ಲುತ್ತಿದ್ದುದರಿಂದ ಮಾತು ‘ಆ’ ಸ್ವರದಲ್ಲೇ ಮುಗಿಯಬೇಕಿತ್ತು. ಕಡೆಗೆ ಅನ್ನಕ್ಕೆ ಇಟ್ಟ ಕುಕ್ಕರಿನ ಮುಂದೆ ನಿಂತಿದ್ದಾಗ ‘ಬೆಳಕೇ ಬಾ, ಬಳಿಗೆ ಬಾ’ ಎಂದು ಹೊಳೆಯಿತು. ಅಮ್ಮ ಅದನ್ನು ಬಾಯಲ್ಲಿ ಎರಡು ಮೂರು ಸಲ ಆಡಿಸಿ ನೋಡಿ ಸರಿಯಿದೆ ಎಂದರು. ಒಂದೇ ಸಲಕ್ಕೆ ಚೆನ್ನಾಗಿ ಬಂತು. ಸ್ಟುಡಿಯೋದವರು ಆ ತುಣುಕನ್ನು ಸಂಗೀತದ ಜೊತೆ ಸೇರಿಸಿ ಎತ್ತಿಟ್ಟುಕೊಂಡರು. ಚಿತ್ರ ಪ್ರತಿ ಕಂತಿನಲ್ಲೂ ಅದೇ ಆದ್ದರಿಂದ ದನಿಯೂ ಅದೇ ನಡೆಯುತ್ತದೆ, ಮತ್ತೆ ರೆಕಾರ್ಡ್ ಮಾಡಬೇಕಾಗಿಲ್ಲ ಎಂದರು.

ಕೆಲಸದ ನಡುವೆ ಕೆಳಗಿನ ಹೋಟೆಲಿನಿಂದ ಕಾಫಿ ತರಿಸಿಕೊಂಡು ನಾವಿಬ್ಬರೂ ಮಹಡಿಯ ಮೆಟ್ಟಿಲ ಮೇಲೆ ಕೂರುತ್ತಿದ್ದೆವು. ಅಮ್ಮ ಹೆಚ್ಚು ಮಾತಿನವರಲ್ಲ, ದನಿ ಉಳಿಸಿಕೊಳ್ಳುತ್ತಿದ್ದರು. ಕಾಲೇಜಿನಲ್ಲಿದ್ದಾಗ ಮೊದಲ ಸಲ ರೇಡಿಯೊ ನಾಟಕಕ್ಕೆ ಹೋಗಿದ್ದರಂತೆ, ದನಿ ಸಣ್ಣದಾಗಿದ್ದ ಕಾರಣ ಮಗುವಿನ ಪಾತ್ರ ಕೊಟ್ಟಿದ್ದರಂತೆ. ಆಮೇಲೆ ಬಂದವೆಲ್ಲ ಮಗುವಿನ ಪಾತ್ರಗಳೇ. ಜೊತೆಯವರು ರಾಣಿಯರಾದರು, ತಾಯಂದಿರಾದರು, ಅತ್ತೆಯಂದಿರಾದರು. ಇವರು ಅವರೆಲ್ಲರ ಮಗುವಾದರು.

“ಮದುವೆ ಆಗ್ಲಿಲ್ಲ, ಮಕ್ಕಳಾಗ್ಲಿಲ್ಲ, ಅದೇನೂ ನಂಗೆ ಅಂಥ ಬೇಜಾರಿಲ್ಲ ಕಣಮ್ಮ,” ಎಂದಿದ್ದರು ಒಮ್ಮೆ. “ಆದ್ರೆ ಇಷ್ಟು ವರ್ಷದಲ್ಲಿ ಒಂದ್ಸಲಾನೂ ನನ್ನ ವಯಸ್ಸಿನ ಮಾತು ನನ್ನ ಬಾಯಲ್ಲಿ ಯಾರೂ ಆಡಿಸ್ಲಿಲ್ಲ. ಅದೊಂದು ಸುಸ್ತು.”

ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಆ ವರ್ಷದ ಬೇಸಿಗೆಯಲ್ಲಿ ದರ್ಜಿ ಅಜ್ಜಿಯ ಕಂತು ಬಂತು. ಊರಿನ ಮಕ್ಕಳಿಗೆಲ್ಲ ಸ್ಕೂಲ್ ಯೂನಿಫಾರ್ಮ್ ಹೊಲಿದುಕೊಡುತ್ತಿದ್ದ ಒಬ್ಬ ಮುದುಕಿ. ಸ್ಕೂಲಿನವರು ರೆಡಿಮೇಡ್ ತರಿಸಲು ಶುರುಮಾಡುತ್ತಾರೆ. ಅಜ್ಜಿಯ ಅಂಗಡಿಗೆ ಯಾರೂ ಬರುವುದಿಲ್ಲ. ಮಂಜು ಹೊಕ್ಕು ಅವಳ ಬೆರಳುಗಳು ಕತ್ತರಿಗಳಾಗುತ್ತವೆ. ಊರಿನ ಬೀದಿಗಳನ್ನೆಲ್ಲ ಒಂದಕ್ಕೊಂದು ಸೇರಿಸಿ ಹೊಲಿಯತೊಡಗುತ್ತಾಳೆ. ಸ್ಕ್ರಿಪ್ಟ್ ಓದಿದ ಅಮ್ಮ ನೇರವಾಗಿ ಸ್ಟುಡಿಯೋದವರ ಬಳಿ ಹೋಗಿ ಅಜ್ಜಿಯ ಪಾತ್ರವೂ ತಮಗೇ ಬೇಕೆಂದು ಕೇಳಿದರು. ಅವರು ಏನನ್ನಾದರೂ ಬಾಯಿಬಿಟ್ಟು ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸ್ಟುಡಿಯೋದವರು ಹಿಂಜರಿದರು. ಒಂದೇ ದೃಶ್ಯದಲ್ಲಿ ನಾಯಕಿ, ರಾಕ್ಷಸಿ ಇಬ್ಬರೂ ಅವರೇ ಆದರೆ ಗೊತ್ತಾಗಿಬಿಡುತ್ತದೆ ಎಂದರು. ಅಮ್ಮ ಗೊತ್ತಾಗುವುದಿಲ್ಲ ಎಂದರು. ಕೊನೆಗೆ ಶನಿವಾರ ಅಜ್ಜಿ, ಭಾನುವಾರ ಹುಡುಗಿ ಎಂದು ತೀರ್ಮಾನವಾಯಿತು.

ಶನಿವಾರ ಅವರು ಫ್ಲಾಸ್ಕನ್ನು ಮುಟ್ಟಲೇ ಇಲ್ಲ. ಮೈಕಿನ ಮುಂದೆ ನಿಂತು ಒಮ್ಮೆ ಕೆಮ್ಮಿ, ಮಾತು ಶುರುಮಾಡಿದರು. ಅಂಥ ದನಿಯನ್ನು ನಾನು ಅವರಿಂದ ಮೆಟ್ಟಿಲ ಮೇಲೂ ಕೇಳಿರಲಿಲ್ಲ. ಕೆಳಸ್ಥಾಯಿಯ, ಅಂಚಿನಲ್ಲಿ ಸ್ವಲ್ಪ ಹರಿದಂಥ ದನಿ. ‘ನಿಮ್ಮೆಲ್ಲರ ಅಳತೆ ನನ್ನ ಹತ್ತಿರ ಇದೆ. ನನ್ನ ಅಳತೆ ಯಾರ ಹತ್ತಿರ ಇದೆ?’ ಎಂಬುದು ನಾನು ಬರೆದ ಮಾತು. ಬರೆಯುವಾಗ ತುಟಿಗೆ ಸರಿಯಾಗಿ ಕೂತಿತೆಂದಷ್ಟೇ ಯೋಚಿಸಿದ್ದೆ. ಅವರು ಅದನ್ನು ಕೋಪದಿಂದ ಹೇಳಲಿಲ್ಲ. ಸಂಜೆ ಅಂಗಡಿ ಬಾಗಿಲು ಹಾಕುವವರು ಹೇಳುವ ಹಾಗೆ ಹೇಳಿದರು. ಗಾಜಿನ ಈಚೆ ಸ್ಟುಡಿಯೋದವರು ರೆಕಾರ್ಡಿಂಗ್ ನಿಲ್ಲಿಸುವ ಗುಂಡಿಯನ್ನು ತಡವಾಗಿ ಒತ್ತಿ, ಮೆಲ್ಲಗೆ ಓಕೆ ಎಂದರು.

ಭಾನುವಾರ ಹುಡುಗಿಯ ಸರದಿ. ಇಂಗ್ಲಿಷಿನಲ್ಲಿ ಎಂದಿನಂತೆ ‘ನಿನ್ನ ನೋವು ನನಗೆ ಅರ್ಥವಾಗುತ್ತೆ’ ಎಂದಿತ್ತು, ನಾನೂ ಎಂದಿನಂತೆ ಅದನ್ನೇ ಬರೆದಿದ್ದೆ. ಅಮ್ಮ ಹೆಡ್‌ಫೋನ್ ತೆಗೆದು ಹೊರಗೆ ಬಂದರು.

“ಇದು ನಾನು ಹೇಳಲ್ಲ,” ಎಂದರು. “ಹದಿಮೂರು ವರ್ಷದ್ದಕ್ಕೆ ಇದು ಹೇಗೆ ಅರ್ಥ ಆಗುತ್ತೆ? ಮತ್ತೆ ಅಜ್ಜಿ ವಯಸ್ಸಿನೋರಿಗೆ ನೀನು ಅನ್ನೋಕೆ ನಂಗೆ ಬಾಯಿ ಬರಲ್ಲ.”

“ಅಮ್ಮ, ಅದು ರಾಕ್ಷಸಿ. ರಾಕ್ಷಸಿಗೆ ಯಾರು ನೀವು ಅಂತಾರೆ?” ಎಂದರು ಸ್ಟುಡಿಯೋದವರು.

“ಮಂಜು ಹೊಕ್ಕ ಮೇಲೆ ರಾಕ್ಷಸಿ. ಮೊನ್ನೆವರೆಗೂ ಆ ಹುಡುಗಿಗೆ ಯೂನಿಫಾರ್ಮ್ ಹೊಲಿದುಕೊಟ್ಟೋರು.”

ಸ್ಟುಡಿಯೋದವರು ನನ್ನ ಮುಖ ನೋಡಿದರು. ಆ ಚಿತ್ರವನ್ನು ಮತ್ತೆ ಮತ್ತೆ ಹಾಕಿಸಿ, ಹುಡುಗಿಯ ಬಾಯಿ ಎಲ್ಲಿ ಮುಚ್ಚುತ್ತದೆ, ಎಲ್ಲಿ ಹಿಗ್ಗುತ್ತದೆಂದು ನೋಡಿದೆ. ಕೊನೆಗೆ ಬರೆದುಕೊಟ್ಟಿದ್ದು ಇಷ್ಟು: ‘ನಂಗೆ ಗೊತ್ತಾಗ್ತಿಲ್ಲ ಅಜ್ಜಿ. ನೀವು ಸ್ವಲ್ಪ ಹೊತ್ತು ಕೂತ್ಕೊಳ್ಳಿ.’ ಅಮ್ಮ ಓದಿಕೊಂಡು ಒಳಗೆ ಹೋದರು. ಅದೂ ಒಂದೇ ಸಲಕ್ಕೆ ಬಂತು. ತೆರೆಯ ಮೇಲೆ ಅಜ್ಜಿಯ ಕತ್ತರಿಬೆರಳುಗಳು ಒಂದೊಂದಾಗಿ ಬೆರಳಾದವು.

ಕಂತು ಪ್ರಸಾರವಾದ ಸಂಜೆ ಮಗಳು ಕಾಲೇಜಿನ ಪುಸ್ತಕ ಮಡಚಿಟ್ಟು ನನ್ನ ಜೊತೆ ಕೂತು ನೋಡಿದಳು. ಮುಗಿದ ಮೇಲೆ ಏನೂ ಗೇಲಿ ಮಾಡಲಿಲ್ಲ. ನಾನು ಪಾತ್ರೆ ತೊಳೆಯಲು ಎದ್ದಾಗ ತಾನೇ ಬಂದು ತೊಳೆಯುತ್ತೇನೆಂದಳು, ಕೂತಿರು ಎಂದಳು. ಕೂತೆ. ಹಾಗೇ ಗೋಡೆಗೆ ಒರಗಿ ನಿದ್ದೆ ಹೋದೆನೆಂದು ಕಾಣುತ್ತದೆ.

ಆದರೆ ಸ್ಟುಡಿಯೋದವರು ಹೆದರಿದ್ದ ಹಾಗೇ ಆಯಿತು. ಚಾನೆಲ್ಲಿನ ಕಡೆಯವರು ಅಜ್ಜಿ, ಹುಡುಗಿ ಇಬ್ಬರ ದನಿಗಳನ್ನು ಒಂದರ ಪಕ್ಕ ಒಂದು ಕೇಳಿದಾಗ ಎರಡೂ ಒಂದೇ ಗಂಟಲಿನವು ಎಂದು ಗುರುತಿಸಿದರು. ಆಮೇಲೆ ಹಳೆಯ ಕಂತುಗಳನ್ನು ತೆಗೆದು ಮತ್ತೆ ಕೇಳಿಸಿಕೊಂಡರಂತೆ. ಒಮ್ಮೆ ಗೊತ್ತಾದ ಮೇಲೆ ಅವರಿಗೆ ನಾಯಕಿಯ ನಗುವಿನಲ್ಲೂ ವಯಸ್ಸು ಕೇಳಿಸತೊಡಗಿತು. ಮುಂದಿನ ಕಂತುಗಳಿಗೆ ಎಳೆಯ ದನಿ ಹುಡುಕಿ ಎಂದು ಹೇಳಿ ಕಳಿಸಿದರು. ಸ್ಟುಡಿಯೋದವರು ಒಳ್ಳೆಯವರು, ಫೋನಿನಲ್ಲಿ ಹೇಳದೆ ಅಮ್ಮ ಬಂದಾಗ ಎದುರು ಕೂತು ಹೇಳಿದರು. ಸಣ್ಣಪುಟ್ಟ ಪಾತ್ರಗಳಿಗೆ ಖಂಡಿತ ಕರೆಯುತ್ತೇನೆ ಎಂದೂ ಹೇಳಿದರು. ಅಮ್ಮ ತಲೆಯಾಡಿಸಿ ಚೀಲ ಎತ್ತಿಕೊಂಡರು. ನಾನು ಬಸ್ ಸ್ಟಾಪಿನವರೆಗೂ ಜೊತೆಗೆ ಹೋದೆ.

“ನೀನ್ಯಾಕೆ ಮುಖ ಸಣ್ಣ ಮಾಡ್ಕೊಂಡಿದೀಯ? ಕೇಳಿದ್ದು ನಾನೇ ಅಲ್ವಾ,” ಎಂದರು.

ಬಸವನಗುಡಿಯ ಕಾಲೇಜು ಹುಡುಗಿಯೊಬ್ಬಳು ನಾಯಕಿಯಾದಳು. ಚೆನ್ನಾಗಿಯೇ ಮಾಡುತ್ತಿದ್ದಳು, ಬೇಗ ಕಲಿತಳು, ಯಾವುದಕ್ಕೂ ತಕರಾರಿಲ್ಲ. ಬದಲಾಗುವಾಗಿನ ಮಂತ್ರದ ತುಣುಕನ್ನು ಮಾತ್ರ ಸಂಗೀತದೊಳಗೆ ಸೇರಿಸಿಬಿಟ್ಟಿದ್ದರಿಂದ ಬಿಡಿಸಲಾಗದೆ ಹಾಗೇ ಉಳಿಸಿದರು. ಹಾಗಾಗಿ ಕೊನೆಯ ಕಂತಿನವರೆಗೂ ಹುಡುಗಿ ಎಳೆಯ ದನಿಯಲ್ಲಿ ಮಾತಾಡುತ್ತಾ ಓಡುತ್ತಿದ್ದಳು, ಗಂಟೆ ಆಡಿಸಿದಾಗ ಅರವತ್ತರ ದನಿ ಬೆಳಕನ್ನು ಕರೆಯುತ್ತಿತ್ತು, ತಿರುಗಿ ನಿಂತ ಮೇಲೆ ಮತ್ತೆ ಎಳೆಯ ದನಿ. ಯಾರೂ ದೂರು ಕೊಡಲಿಲ್ಲ. ಮಕ್ಕಳು ಅದನ್ನೂ ಶಕ್ತಿ ಬಂದದ್ದರ ಗುರುತೆಂದು ತಿಳಿದರೇನೋ. ಅಮ್ಮ ಎರಡು ಮೂರು ಸಲ ಪಕ್ಕದ ಮನೆಯವಳಾಗಿ, ಸ್ಕೂಲಿನ ಆಯಾ ಆಗಿ ಬಂದುಹೋದರು. ಆಮೇಲೆ ಮಂಡಿನೋವು ಎಂದರು, ಬರಲಿಲ್ಲ.

ನನಗೂ ಸಾಕಾಗಿತ್ತು. ವಾರವೆಲ್ಲ ಮದುವೆ, ವಾರದ ಕೊನೆಯಲ್ಲಿ ರಾಕ್ಷಸರು. ಕೊನೆಯ ಕಂತಿನ ಮಾತು ಬರೆದು ಮುಗಿಸಿದಾಗ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಮುಂದೆ ಕಾರುಗಳು ಮಾತಾಡುವ ಕಾರ್ಟೂನ್ ಒಂದಿದೆ, ಬರೆಯುತ್ತೀರಾ ಎಂದು ಸ್ಟುಡಿಯೋದವರು ಕೇಳಿದರು. ಆಗುವುದಿಲ್ಲ ಎಂದೆ. ಅವರು ಒತ್ತಾಯ ಮಾಡಲಿಲ್ಲ.

ಅದರ ನಂತರದ ಚಳಿಗಾಲದಲ್ಲಿ ಒಂದು ಭಾನುವಾರ ಅಮ್ಮನನ್ನು ನೋಡಿಕೊಂಡು ಬರಲು ಮಲ್ಲೇಶ್ವರಕ್ಕೆ ಹೋದೆ. ತಂಗಿ ಭಜನೆಗೆ ಹೋಗಿದ್ದರು. ಅಮ್ಮ ಹಜಾರದ ಬೆತ್ತದ ಕುರ್ಚಿಯಲ್ಲಿ ಕೂತು, ನೆನೆಸಿದ ಅವರೆಕಾಳನ್ನು ಹಿದುಕುತ್ತಿದ್ದರು. ನನ್ನನ್ನು ಕಂಡು ಒಂದು ಬಟ್ಟಲು ಮುಂದೆ ತಳ್ಳಿದರು. ನಾನೂ ಕೆಳಗೆ ಕೂತು ಹಿದುಕತೊಡಗಿದೆ. ಮಾತಿನ ನಡುವೆ, ಕಾರ್ಟೂನ್ ಕೊನೆಯವರೆಗೂ ನೋಡಿದಿರಾ ಎಂದು ಕೇಳಿದೆ. ಅವರಿಗೆ ನಗು ಬಂತು. ಅವರ ಮನೆಯ ಕೇಬಲ್‌ನಲ್ಲಿ ಆ ಚಾನೆಲ್ ಬರುತ್ತಲೇ ಇರಲಿಲ್ಲವಂತೆ. ಶುರುವಿನಿಂದ ಒಂದು ಕಂತನ್ನೂ ಅವರು ಟಿವಿಯಲ್ಲಿ ನೋಡಿರಲಿಲ್ಲ.

“ಕೊನೆಗೆ ಏನಾಯ್ತು? ಹೇಳು,” ಎಂದರು. ಸ್ಟುಡಿಯೋದಲ್ಲಿ ಒಂದೇ ಒಂದು ಸಲ, ಆ ಶನಿವಾರ, ಕೇಳಿದ್ದ ಅದೇ ಕೆಳಸ್ಥಾಯಿಯ ದನಿ. ಮನೆಯಲ್ಲಿ ಅವರು ಮಾತಾಡುತ್ತಿದ್ದುದೇ ಹಾಗೆ.

ಹೇಳಿದೆ. ಇಂಥ ಕತೆಗಳ ಕೊನೆಯಲ್ಲಿ ಆಗುವುದೇ ಆಯಿತು ಎಂದೆ. ಗಂಟೆಗಳು ಒಡೆದು ಶಕ್ತಿಯೆಲ್ಲ ಹೋಗುತ್ತದೆ. ಆ ಮಂಜು ಯಾರದೋ ಸಂಚಲ್ಲ, ಊರಿನವರು ಹೇಳಿಕೊಳ್ಳದೆ ನುಂಗಿದ ಬೇಸರಗಳೆಲ್ಲ ಸೇರಿ ಆದದ್ದು ಎಂದು ಅಳಿಲು ಹೇಳುತ್ತದೆ. ಮೊದಲು ರಾಕ್ಷಸರಾಗಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದು ಹುಡುಗಿಯರ ಹಿಂದೆ ನಿಲ್ಲುತ್ತಾರೆ. ಅವರಿಗೆ ಏನೂ ನೆನಪಿಲ್ಲ, ಯಾಕೆ ಬಂದೆವೆಂದೂ ಗೊತ್ತಿಲ್ಲ, ಆದರೂ ಬಂದಿರುತ್ತಾರೆ.

“ದರ್ಜಿ ಅಜ್ಜಿನೂ ಬಂದ್ರಾ?”

“ಬಂದ್ರು. ಮಾತಿರಲಿಲ್ಲ. ಸುಮ್ನೆ ನಿಂತಿದ್ರು.”

“ಮಾತಿಲ್ದೆ ಇದ್ರೆ ಒಳ್ಳೇದೇ ಬಿಡು,” ಎಂದು ಕುರ್ಚಿಗೆ ಒರಗಿದರು.

ನಾನು ಮುಂದುವರಿಸಿದೆ. ಆಕಾಶ ಹೇಗೆ ಬಿರಿಯಿತು, ಕೆಂಪಿನವಳು ಹೇಗೆ ಶಕ್ತಿಯಿಲ್ಲದೆಯೇ ಯೂನಿಫಾರ್ಮಿನಲ್ಲೇ ಮಂಜಿನೊಳಗೆ ನಡೆದು ಹೋದಳು, ಗೆಳತಿಯರು ಹೇಗೆ ಅವಳ ಕೈ ಬಿಡಲಿಲ್ಲ ಎಂದೆಲ್ಲ ಹೇಳುತ್ತಾ ತಲೆಯೆತ್ತಿದರೆ ಅಮ್ಮನ ಕಣ್ಣು ಮುಚ್ಚಿತ್ತು. ಬಾಯಿ ಸ್ವಲ್ಪ ತೆರೆದುಕೊಂಡು ಉಸಿರು ನಿಧಾನವಾಗಿ ಆಡುತ್ತಿತ್ತು. ಬೆರಳ ನಡುವೆ ಒಂದು ಅವರೆಕಾಳು ಹಾಗೇ ಇತ್ತು.

ಎಬ್ಬಿಸಲಿಲ್ಲ. ಬಟ್ಟಲಲ್ಲಿ ಇನ್ನೂ ಸುಮಾರು ಕಾಳು ಉಳಿದಿತ್ತು. ತಂಗಿ ಬರುವವರೆಗೂ ಕೂತು ಅಷ್ಟನ್ನೂ ಹಿದುಕಿ, ಸಿಪ್ಪೆಯನ್ನು ಒಂದು ಪೇಪರಿನಲ್ಲಿ ಕಟ್ಟಿ, ಕೈ ತೊಳೆದುಕೊಂಡೆ.